ಹಾಲುಹಲ್ಲಿನ ಹುಳುಕು ಮತ್ತು ಕೀವು: ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಹಾಲುಹಲ್ಲುಗಳಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಬಾಯಿಯನ್ನೂ ಎಕ್ಸ್-ರೇಯನ್ನೂ ನೋಡದೆ ಯಾವ ಮಗುವಿನ ಯಾವ ಹಲ್ಲಿಗೆ ಯಾವ ಚಿಕಿತ್ಸೆ ಎಂದು ಖಚಿತವಾಗಿ ಹೇಳಲಾಗದು. ಆದರೆ ವೈದ್ಯರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು, ಕೇಳಬೇಕಾದುದನ್ನು ಕೇಳಲು ಈ ಉತ್ತರಗಳು ನೆರವಾಗಬಹುದು.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಕೆಳಗಿನ ಸಾಲಿನ ಕೊನೆಯ ದವಡೆಹಲ್ಲಿನಲ್ಲಿ ದೊಡ್ಡ ಕುಳಿಯಾಗಿದೆ. ಸಿಹಿ ತಿಂದಾಗ ನೋವು ಎನ್ನುತ್ತಾಳೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ದಂತವೈದ್ಯರು ಚಿಕಿತ್ಸೆ ಮಾಡಿ ಕ್ಯಾಪ್ ಹಾಕಬೇಕು ಎಂದರು. ಹೇಗೂ ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಏಕೆ, ನೋವು ಜಾಸ್ತಿಯಾದರೆ ಕೀಳಿಸಿದರಾಯಿತು ಎಂದು ಮನೆಯ ಹಿರಿಯರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹಲ್ಲು ಬೀಳುತ್ತದೆ ಎಂಬ ಹಿರಿಯರ ಮಾತಿನಲ್ಲಿ ತಪ್ಪಿಲ್ಲ, ಯಾವ ಹಲ್ಲು ಯಾವಾಗ ಬೀಳುತ್ತದೆ ಎಂಬುದನ್ನು ಮಾತ್ರ ಅವರು ಗಮನಿಸಿಲ್ಲ. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗುವುದನ್ನು ನಾವೆಲ್ಲರೂ ಕಾಣುತ್ತೇವೆ. ಅದನ್ನೇ ದವಡೆಹಲ್ಲಿಗೂ ಅನ್ವಯಿಸಿಕೊಳ್ಳುತ್ತೇವೆ. ಆದರೆ ಹಾಲುಹಲ್ಲುಗಳ ಸಾಲಿನ ಕೊನೆಯ ದವಡೆಹಲ್ಲು ಬೀಳುವುದು ಸಾಮಾನ್ಯವಾಗಿ 10ರಿಂದ 12 ವರ್ಷದ ನಡುವೆ. ನಿಮ್ಮ ಮಗಳು ಇನ್ನೂ ಐದಾರು ವರ್ಷ ಅದೇ ಹಲ್ಲಿನಲ್ಲಿ ಅಗಿಯಬೇಕು. ಅಷ್ಟು ಕಾಲ ಹುಳುಕು ಇದ್ದಲ್ಲೇ ನಿಲ್ಲುವುದಿಲ್ಲ.

ಹಾಲುಹಲ್ಲಿನ ರಚನೆಯೇ ಹುಳುಕಿಗೆ ಅನುಕೂಲವಾಗಿದೆ. ಅದರ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಸುಮಾರು ಒಂದು ಮಿಲಿಮೀಟರ್ ದಪ್ಪ, ಎಂದರೆ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟು. ಒಳಗಿನ ತಿರುಳು, ಅಂದರೆ ರಕ್ತನಾಳ ಮತ್ತು ನರಗಳಿರುವ ಜೀವಂತ ಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಅದರ ಮೊನೆಗಳು ಮೇಲ್ಮೈಗೆ ಬಹಳ ಹತ್ತಿರದವರೆಗೆ ಚಾಚಿಕೊಂಡಿರುತ್ತವೆ. ಆದ್ದರಿಂದ ಹೊರಗೆ ಚಿಕ್ಕದಾಗಿ ಕಾಣುವ ಕುಳಿ ಒಳಗೆ ತಿರುಳಿನ ಅಂಚಿಗೆ ಮುಟ್ಟಿರುವುದು ಅಪರೂಪವೇನಲ್ಲ. ಎಕ್ಸ್-ರೇ ತೆಗೆಯದೆ ಕೇವಲ ಕಣ್ಣಳತೆಯಲ್ಲಿ ಚಿಕಿತ್ಸೆ ನಿರ್ಧರಿಸಬಾರದು ಎನ್ನುವುದು ಇದಕ್ಕಾಗಿಯೇ.

ಸಿಹಿ ತಾಗಿದಾಗ ನೋವು ಬಂದು, ಬಾಯಿ ತೊಳೆದೊಡನೆ ಶಮನವಾಗುತ್ತಿದ್ದರೆ ತಿರುಳು ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಎಂದು ಭಾವಿಸಬಹುದು. ಕಾರಣವಿಲ್ಲದೆ ತಾನಾಗಿ ನೋವು ಬರುವುದು, ನಡುರಾತ್ರಿ ಮಗು ಅಳುತ್ತಾ ಏಳುವುದು, ನೋವು ಗಂಟೆಗಟ್ಟಲೆ ನಿಲ್ಲದಿರುವುದು, ಇವು ಬೇರೆಯೇ ಕಥೆ ಹೇಳುತ್ತವೆ. ನಿಮ್ಮ ಪತ್ರದ ಪ್ರಕಾರ ನಿಮ್ಮ ಮಗಳು ಮೊದಲ ಗುಂಪಿನಲ್ಲಿದ್ದಾಳೆ, ಆದ್ದರಿಂದ ತಡಮಾಡಬೇಡಿ ಎನ್ನುತ್ತೇನೆ. ಈಗ ಸಣ್ಣದರಲ್ಲಿ ಮುಗಿಯುವ ಕೆಲಸ ಮೂರು ತಿಂಗಳ ನಂತರ ಅಷ್ಟರಲ್ಲೇ ಮುಗಿಯುತ್ತದೆಂಬ ಭರವಸೆಯಿಲ್ಲ.

ಕೀಳಿಸಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಆರು ವರ್ಷದ ಆಸುಪಾಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಹಿಂದುಗಡೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದು ತನ್ನ ಜಾಗ ಕಂಡುಕೊಳ್ಳುವುದು ಈಗ ನಿಮ್ಮ ಮಗಳಿಗೆ ಹುಳುಕಾಗಿರುವ ಹಲ್ಲಿನ ಹಿಂಬದಿಗೆ ಒರಗಿಕೊಂಡು. ಆ ಆಸರೆ ತಪ್ಪಿದರೆ ಹೊಸ ಹಲ್ಲು ಮುಂದಕ್ಕೆ ವಾಲಿ ಖಾಲಿ ಜಾಗವನ್ನು ಆಕ್ರಮಿಸುತ್ತದೆ. ಮುಂದೆ 10–12ನೇ ವಯಸ್ಸಿನಲ್ಲಿ ಅಲ್ಲಿ ಹುಟ್ಟಬೇಕಾದ ಹಲ್ಲು ದವಡೆಯೊಳಗೇ ಸಿಕ್ಕಿಕೊಳ್ಳುತ್ತದೆ ಅಥವಾ ಸಾಲು ಬಿಟ್ಟು ಹೊರಬರುತ್ತದೆ. ಆಗ ಬೇಕಾಗುವ ತಂತಿ ಚಿಕಿತ್ಸೆಯ ಅವಧಿ ಮತ್ತು ಖರ್ಚಿನ ಮುಂದೆ ಇಂದಿನ ಕ್ಯಾಪ್ ಸಣ್ಣ ವಿಷಯ.

ಹುಳುಕು ತಿರುಳನ್ನು ಮುಟ್ಟಿಲ್ಲವೆಂದು ಕಂಡರೆ ವೈದ್ಯರು ಕುಳಿಯ ಸುತ್ತಲಿನ ಕೊಳೆತ ಭಾಗವನ್ನೆಲ್ಲ ತೆಗೆದು, ತಿರುಳಿಗೆ ತೀರಾ ಹತ್ತಿರದ ತೆಳು ಪದರವನ್ನು ಬೇಕೆಂದೇ ಉಳಿಸಿ, ಮೇಲೆ ಬಿಗಿಯಾಗಿ ಮುಚ್ಚುತ್ತಾರೆ. ಹುಳುಕನ್ನು ಪೂರ್ತಿ ತೆಗೆಯಲೇ ಇಲ್ಲ ಎಂದು ಪಾಲಕರು ಆತಂಕಪಡುವುದುಂಟು. ಆದರೆ ಬಾಯಿಯ ಸಕ್ಕರೆ ತಲುಪದಂತೆ ಮುಚ್ಚಿದ ಮೇಲೆ ಒಳಗುಳಿದ ಬ್ಯಾಕ್ಟೀರಿಯಾಗಳು ಆಹಾರವಿಲ್ಲದೆ ನಿಷ್ಕ್ರಿಯವಾಗುತ್ತವೆ, ತಿರುಳು ತನ್ನ ರಕ್ಷಣೆಗೆ ಒಳಗಿನಿಂದ ಹೊಸ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಎಲ್ಲವನ್ನೂ ಕೆರೆದು ಜೀವಂತ ತಿರುಳನ್ನು ಬಯಲು ಮಾಡುವುದಕ್ಕಿಂತ ಇದೇ ಜಾಣತನ. ಕ್ಯಾಪ್ ಏಕೆಂದರೆ, ಎರಡು ಮೂರು ಬದಿ ಸವೆದ ಹಾಲುಹಲ್ಲಿನಲ್ಲಿ ಬರಿಯ ಫಿಲ್ಲಿಂಗ್ ಹೆಚ್ಚು ಕಾಲ ನಿಲ್ಲುವುದಿಲ್ಲ. 1950ರಿಂದಲೂ ಮಕ್ಕಳ ದಂತಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪ್ ನೋಟಕ್ಕೆ ಚೆನ್ನಾಗಿಲ್ಲದಿದ್ದರೂ ದವಡೆಹಲ್ಲಿಗೆ ಅದರಷ್ಟು ಬಾಳಿಕೆ ಬರುವ ರಕ್ಷಣೆ ಕಡಿಮೆ. ಕಾಲ ಬಂದಾಗ ಹಲ್ಲಿನೊಂದಿಗೇ ಅದೂ ಉದುರುತ್ತದೆ, ಪ್ರತ್ಯೇಕವಾಗಿ ತೆಗೆಸಬೇಕಿಲ್ಲ.

ಪ್ರಶ್ನೆ: ಆರು ವರ್ಷದ ಮಗನ ಒಂದೇ ಹಲ್ಲಿಗೆ ಒಬ್ಬ ವೈದ್ಯರು ಮೇಲಿನ ನರ ಮಾತ್ರ ತೆಗೆದರೆ ಸಾಕೆಂದರು, ಇನ್ನೊಬ್ಬರು ಪೂರ್ತಿ ರೂಟ್ ಕೆನಾಲ್ ಆಗಬೇಕೆಂದರು, ಮೂರನೆಯವರು ಕೀಳುವುದೇ ಒಳ್ಳೆಯದೆಂದರು. ಇವರಲ್ಲಿ ಯಾರನ್ನು ನಂಬುವುದು?

ಉತ್ತರ: ಮೂವರೂ ಪ್ರಾಮಾಣಿಕರಾಗಿರಬಹುದು. ಇವು ಮೂರು ಅಭಿಪ್ರಾಯಗಳಿಗಿಂತ ಹೆಚ್ಚಾಗಿ ಒಂದೇ ರೋಗದ ಮೂರು ಹಂತಗಳ ಚಿಕಿತ್ಸೆಗಳು. ಹಲ್ಲು ಯಾವ ಹಂತದಲ್ಲಿದೆ ಎಂಬ ಅಂದಾಜಿನಲ್ಲಿ ಅವರು ಭಿನ್ನರಾಗಿದ್ದಾರೆ.

ಸೋಂಕು ಹಲ್ಲಿನ ಮೇಲ್ಭಾಗದ ತಿರುಳಿಗೆ ಮಾತ್ರ ತಗುಲಿ, ಬೇರಿನೊಳಗಿನ ತಿರುಳು ಆರೋಗ್ಯವಾಗಿದ್ದರೆ ಮೇಲಿನದನ್ನಷ್ಟೇ ಕತ್ತರಿಸಿ ತೆಗೆದು, ಉಳಿದದ್ದರ ಮೇಲೆ ಔಷಧೀಯ ಸಿಮೆಂಟು ಇಟ್ಟು ಮುಚ್ಚಬಹುದು. ಇದನ್ನು ಪಲ್ಪಾಟಮಿ ಎನ್ನುತ್ತಾರೆ. ಬೇರಿನ ತಿರುಳು ಆರೋಗ್ಯವಾಗಿದೆಯೇ ಎಂಬುದು ಬಹುತೇಕ ಹಲ್ಲು ತೆರೆದ ಮೇಲೆಯೇ ತಿಳಿಯುತ್ತದೆ: ಒದ್ದೆ ಹತ್ತಿಯುಂಡೆಯನ್ನು ಕೆಲವು ನಿಮಿಷ ಒತ್ತಿಹಿಡಿದಾಗ ರಕ್ತ ನಿಂತರೆ ಸರಿ, ಕಡುಗೆಂಪು ರಕ್ತ ಒಸರುತ್ತಲೇ ಇದ್ದರೆ ಉರಿಯೂತ ಕೆಳಗಿಳಿದಿದೆ ಎಂದರ್ಥ. ಹಾಗಾಗಿ ಒಂದು ಚಿಕಿತ್ಸೆಯೆಂದು ಆರಂಭಿಸಿ ಮಧ್ಯದಲ್ಲಿ ಬದಲಾಯಿಸಿದರೆ ವೈದ್ಯರನ್ನು ಅನುಮಾನಿಸಬೇಕಿಲ್ಲ. ದಶಕಗಳ ಕಾಲ ಈ ಕೆಲಸಕ್ಕೆ ಫಾರ್ಮೋಕ್ರೆಸಾಲ್ ಎಂಬ ದ್ರವ ಬಳಕೆಯಲ್ಲಿತ್ತು. ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವ ಕಾರಣ ಅನೇಕರು ಈಗ ಅದನ್ನು ಬಿಟ್ಟು, 1990ರ ದಶಕದಲ್ಲಿ ಬಂದ ಎಂಟಿಎ ಎಂಬ ಸಿಮೆಂಟನ್ನೋ ಅದೇ ಜಾತಿಯ ಇತರ ಸಿಮೆಂಟುಗಳನ್ನೋ ಬಳಸುತ್ತಾರೆ. ಯಾವುದನ್ನು ಬಳಸುತ್ತೀರಿ ಎಂದು ಕೇಳಲು ಸಂಕೋಚ ಬೇಡ.

ಬೇರಿನ ತಿರುಳೂ ಸತ್ತಿದ್ದರೆ, ಆದರೆ ಬೇರು ಮತ್ತು ಸುತ್ತಲಿನ ಎಲುಬು ಇನ್ನೂ ಚೆನ್ನಾಗಿದ್ದರೆ, ಒಳಗಿನ ನಾಳಗಳನ್ನು ಸ್ವಚ್ಛಗೊಳಿಸಿ ತುಂಬುವ ಪಲ್ಪೆಕ್ಟಮಿ ಆಗಬೇಕು. ದೊಡ್ಡವರ ರೂಟ್ ಕೆನಾಲ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹಾಲುಹಲ್ಲಿನ ಬೇರು ಮುಂದೆ ತಾನಾಗಿ ಕರಗಬೇಕು, ಆದ್ದರಿಂದ ತುಂಬುವ ವಸ್ತುವೂ ಜೊತೆಗೇ ಕರಗುವಂಥದ್ದಾಗಿರಬೇಕು. ಸತುವಿನ ಆಕ್ಸೈಡ್ ಮತ್ತು ಯೂಜಿನಾಲ್ ಮಿಶ್ರಣ, ಅಥವಾ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಅಯೊಡೋಫಾರ್ಮ್ ಇರುವ ಪೇಸ್ಟು ಇದಕ್ಕೆ ಬಳಕೆಯಾಗುತ್ತವೆ. ದೊಡ್ಡವರಿಗೆ ಹಾಕುವ ಗಟ್ಟಾಪರ್ಚ ಕಡ್ಡಿ ಕರಗುವುದಿಲ್ಲವಾದ್ದರಿಂದ, ಕೆಳಗೆ ಶಾಶ್ವತ ಹಲ್ಲು ಕಾಯುತ್ತಿರುವ ಹಾಲುಹಲ್ಲಿಗೆ ಅದು ಸಲ್ಲದು.

ಕೀಳುವ ಸಲಹೆಯನ್ನೂ ಸೋಲೆಂದು ತಿಳಿಯಬಾರದು. ಬೇರು ಸಾಕಷ್ಟು ಕರಗಿಹೋಗಿದ್ದರೆ, ಬೇರುಗಳ ನಡುವಿನ ಎಲುಬು ತೀವ್ರವಾಗಿ ನಾಶವಾಗಿದ್ದರೆ, ಕ್ಯಾಪ್ ನಿಲ್ಲಲು ಬೇಕಾದಷ್ಟು ಹಲ್ಲೇ ಉಳಿದಿಲ್ಲದಿದ್ದರೆ, ಅಥವಾ ಇನ್ನು ಕೆಲವೇ ತಿಂಗಳಲ್ಲಿ ಬೀಳಲಿರುವ ಹಲ್ಲಾಗಿದ್ದರೆ ಕೀಳುವುದೇ ಸರಿಯಾದ ಚಿಕಿತ್ಸೆ. ಹುಟ್ಟಿನಿಂದ ಕೆಲವು ಬಗೆಯ ಹೃದಯದೋಷವಿರುವ ಮಕ್ಕಳಲ್ಲಿ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಪಡೆಯುತ್ತಿರುವ ಮಕ್ಕಳಲ್ಲಿ ಸೋಂಕಿತ ಹಾಲುಹಲ್ಲನ್ನು ಉಳಿಸಿಕೊಳ್ಳುವ ಸಾಹಸಕ್ಕಿಂತ ತೆಗೆಯುವುದು ಕ್ಷೇಮ. ಅಲ್ಲಿಯೂ ಮಗುವನ್ನು ನೋಡುತ್ತಿರುವ ತಜ್ಞರೊಂದಿಗೆ ಮಾತಾಡಿ, ಅಗತ್ಯವಿದ್ದರೆ ಮುಂಚಿತವಾಗಿ ಆಂಟಿಬಯೋಟಿಕ್ ಕೊಟ್ಟು ಮುಂದುವರಿಯಬೇಕಾಗುತ್ತದೆ. ಇಂಥ ಕಾಯಿಲೆಯೇನಾದರೂ ಇದ್ದರೆ ದಂತವೈದ್ಯರು ಕೇಳುವ ಮೊದಲೇ ನೀವಾಗಿ ಹೇಳಿ. ನೀವು ನನ್ನನ್ನು ಕೇಳಿದರೆ, ಮೂವರಲ್ಲಿ ಎಕ್ಸ್-ರೇಯನ್ನು ನಿಮ್ಮ ಮುಂದೆ ಹಿಡಿದು ಕಾರಣ ತೋರಿಸಿದವರು ಯಾರೋ ಅವರಲ್ಲಿ ಹೋಗುವುದು ಲೇಸು.

ಪ್ರಶ್ನೆ: ನಾಲ್ಕು ವರ್ಷದ ಮಗನ ದವಡೆಹಲ್ಲಿನ ಪಕ್ಕ ವಸಡಿನ ಮೇಲೆ ಮೊಡವೆಯಂತಹ ಗುಳ್ಳೆ ಏಳುತ್ತದೆ, ಒಡೆದು ಕೀವು ಬರುತ್ತದೆ, ಮತ್ತೆ ಏಳುತ್ತದೆ. ಎರಡು ಸಲ ಆಂಟಿಬಯೋಟಿಕ್ ಕೊಡಿಸಿದೆವು. ಆಗ ಇಳಿಯಿತು, ಆಮೇಲೆ ಮರುಕಳಿಸಿತು. ಮಗುವಿಗೆ ನೋವೇ ಇಲ್ಲ. ಹಾಗೇ ಬಿಡಬಹುದೇ?

ಉತ್ತರ: ಬಿಡಬಾರದು. ನೋವಿಲ್ಲದಿರುವುದಕ್ಕೆ ಕಾರಣ ಎರಡು: ಹಲ್ಲಿನೊಳಗಿನ ನರ ಸತ್ತಿದೆ, ಮತ್ತು ಕೀವಿಗೆ ಹೊರಹೋಗಲು ದಾರಿ ಸಿಕ್ಕಿರುವುದರಿಂದ ಒಳಗೆ ಒತ್ತಡ ಕಟ್ಟುತ್ತಿಲ್ಲ. ಸೋಂಕು ಮಾತ್ರ ಇದ್ದೇ ಇದೆ.

ಆಂಟಿಬಯೋಟಿಕ್ ಏಕೆ ಗುಣಪಡಿಸಲಿಲ್ಲ ಎಂಬುದು ಎಲ್ಲ ಪಾಲಕರೂ ತಿಳಿಯಬೇಕಾದ ಸಂಗತಿ. ಔಷಧಿ ಸೋಂಕಿನ ಜಾಗವನ್ನು ತಲುಪುವುದು ರಕ್ತದ ಮೂಲಕ. ಸತ್ತ ತಿರುಳಿಗೆ ರಕ್ತಸಂಚಾರವೇ ಇರುವುದಿಲ್ಲ, ಹಾಗಾಗಿ ಹಲ್ಲಿನೊಳಗೆ ಬೀಡುಬಿಟ್ಟ ಬ್ಯಾಕ್ಟೀರಿಯಾಗಳನ್ನು ಔಷಧಿ ಮುಟ್ಟುವುದೇ ಇಲ್ಲ. ಹೊರಗೆ ಸೋರಿದ ಸೋಂಕು ತಾತ್ಕಾಲಿಕವಾಗಿ ತಗ್ಗುತ್ತದೆ, ಕೋರ್ಸ್ ಮುಗಿದ ಮೇಲೆ ಮೂಲದಿಂದ ಮತ್ತೆ ಸೋರುತ್ತದೆ. ಜ್ವರ, ಮುಖದ ಊತ ಮುಂತಾದ ಹರಡುವಿಕೆಯ ಲಕ್ಷಣಗಳಿಲ್ಲದ ವಸಡಿನ ಗುಳ್ಳೆಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಹಲ್ಲನ್ನು ಒಳಗಿನಿಂದ ಸ್ವಚ್ಛಗೊಳಿಸಬೇಕು, ಇಲ್ಲವೇ ಹಲ್ಲನ್ನು ತೆಗೆಯಬೇಕು. ಬರಿಯ ಮಾತ್ರೆಯ ಚೀಟಿ ಬರೆದು ಕಳುಹಿಸುವುದು, ಮೂರನೇ ಸಲವೂ ಅದನ್ನೇ ಮಾಡುವುದು, ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯೇ ಅಲ್ಲ.

ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುವುದು ಈ ಹಾಲುಹಲ್ಲಿನ ಬೇರುಗಳ ಮಧ್ಯದಲ್ಲಿಯೇ. ಹಾಲು ದವಡೆಹಲ್ಲಿನ ಸೋಂಕು ಬಹುಪಾಲು ಬೇರು ಕವಲೊಡೆಯುವ ಜಾಗದ ಸೂಕ್ಷ್ಮ ನಾಳಗಳ ಮೂಲಕ ಹೊರಬೀಳುವುದರಿಂದ, ಆ ಮೊಳಕೆಗೆ ಅದು ತೀರಾ ಸಮೀಪ. ನಾಲ್ಕನೇ ವಯಸ್ಸಿನಲ್ಲಿ ಅಲ್ಲಿ ಎನಾಮಲ್ ರೂಪುಗೊಳ್ಳುತ್ತಿರುತ್ತದೆ. ದೀರ್ಘಕಾಲದ ಕೀವು ಆ ಕೆಲಸವನ್ನು ಕೆಡಿಸಿದರೆ ಮುಂದೆ ಹುಟ್ಟುವ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಮಚ್ಚೆ, ಕುಳಿಬಿದ್ದ ಮೇಲ್ಮೈ ಉಳಿದುಬಿಡುತ್ತದೆ. ಟರ್ನರ್ ಹಲ್ಲು ಎಂದು ಕರೆಯುವುದು ಇದನ್ನೇ.

ಕೆಲವು ಲಕ್ಷಣಗಳಿಗೆ ಮಾತ್ರ ಮರುದಿನದವರೆಗೂ ಕಾಯಬಾರದು. ಕೆನ್ನೆ ಊದಿ ಕಣ್ಣಿನ ಕೆಳರೆಪ್ಪೆಯವರೆಗೆ ಏರಿದರೆ, ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ ಗಟ್ಟಿಯಾಗಿ ಹರಡಿದರೆ, ಮಗುವಿಗೆ ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಜೊಲ್ಲು ಸುರಿಯುತ್ತಿದ್ದರೆ, ಜ್ವರದೊಂದಿಗೆ ಮಗು ಮಂಕಾಗಿದ್ದರೆ ಕ್ಲಿನಿಕ್ಕಿನ ಸಮಯ ನೋಡದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇಂಥಲ್ಲಿ ಆಂಟಿಬಯೋಟಿಕ್ ನಿಜವಾಗಿಯೂ ಅಗತ್ಯ. ಅನೇಕ ವೇಳೆ ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ.

ಚಿಕಿತ್ಸೆ ಸಿಗುವವರೆಗೆ ನೋವೇನಾದರೂ ಬಂದರೆ ಪ್ಯಾರಾಸಿಟಮಾಲ್ ಕೊಡಬಹುದು. ಪ್ರಮಾಣವನ್ನು ವಯಸ್ಸಿಗಿಂತ ತೂಕದಿಂದ ಲೆಕ್ಕ ಹಾಕುವುದು ಒಳ್ಳೆಯದು: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಬಾರಿಗಿಂತ ಹೆಚ್ಚಿಲ್ಲ. ಸಿರಪ್ಪುಗಳು ಬೇರೆ ಬೇರೆ ಸಾಂದ್ರತೆಯಲ್ಲಿ ಬರುವುದರಿಂದ ಬಾಟಲಿಯ ಮೇಲೆ ಬರೆದಿರುವುದನ್ನು ಓದಿ ಅಳೆಯಿರಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಕುಳಿಯಲ್ಲಿ ಇಡುವುದಂತೂ ಬೇಡವೇ ಬೇಡ, ಅದರಿಂದ ವಸಡು ಸುಡುತ್ತದೆ. ಗುಳ್ಳೆಯನ್ನು ಸೂಜಿಯಿಂದ ಚುಚ್ಚುವುದೂ ಬೇಡ.

ಪ್ರಶ್ನೆ: ಎರಡೂವರೆ ವರ್ಷದ ಮಗುವಿನ ಮೇಲಿನ ನಾಲ್ಕು ಮುಂದಿನ ಹಲ್ಲುಗಳು ವಸಡಿನ ಅಂಚಿನಲ್ಲಿ ಕಂದಾಗಿ ಸವೆಯುತ್ತಿವೆ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸವಿದೆ. ಕುರ್ಚಿಯಲ್ಲಿ ಕೂರಿಸಿದರೆ ಅಳುತ್ತದೆ. ಡ್ರಿಲ್ ಮಾಡದೆ ಒಂದು ದ್ರವ ಹಚ್ಚಬಹುದು, ಆದರೆ ಹಲ್ಲು ಕಪ್ಪಾಗುತ್ತದೆ ಎಂದರು. ಅದು ಸುರಕ್ಷಿತವೇ?

ಉತ್ತರ: ಅದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಸಾಮಾನ್ಯವಾಗಿ 38 ಶೇಕಡಾ ಸಾಂದ್ರತೆಯದನ್ನು ಬಳಸುತ್ತಾರೆ. ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಭಾಗವನ್ನು ಗಟ್ಟಿಗೊಳಿಸುತ್ತದೆ. ಹಲ್ಲನ್ನು ಒಣಗಿಸಿ ಪುಟ್ಟ ಬ್ರಷ್‌ನಿಂದ ಒಂದೆರಡು ನಿಮಿಷ ಹಚ್ಚಿದರೆ ಮುಗಿಯಿತು, ಇಂಜೆಕ್ಷನ್ ಬೇಡ. ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಈ ಔಷಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬೆಳ್ಳಿಯ ಅಲರ್ಜಿ ಇರುವವರಿಗೆ ಹಚ್ಚುವಂತಿಲ್ಲ.

ಹುಳುಕಾದ ಭಾಗ ಕಪ್ಪಾಗುವುದು ನಿಜ, ಆ ಕಪ್ಪು ಹೋಗುವುದೂ ಇಲ್ಲ. ಆರೋಗ್ಯವಾಗಿರುವ ಎನಾಮಲ್ ಬಣ್ಣ ಬದಲಾಯಿಸುವುದಿಲ್ಲ. ತುಟಿಗೋ ಚರ್ಮಕ್ಕೋ ತಾಗಿದ ಕಲೆ ಕೆಲ ದಿನಗಳಲ್ಲಿ ಮಾಯವಾಗುತ್ತದೆ. ಎರಡೂವರೆ ವರ್ಷದ ಮಗುವಿಗೆ ಮುಂದಿನ ಹಲ್ಲು ಕಪ್ಪಾಗಿ ಕಂಡರೆ ಬೇಸರ ಮಗುವಿಗಲ್ಲ, ನಮಗೆ. ಅರಿವಳಿಕೆ ಕೊಟ್ಟು ಪ್ರಜ್ಞೆ ತಪ್ಪಿಸಿ ಮಾಡುವ ಚಿಕಿತ್ಸೆಯನ್ನು ಒಂದೆರಡು ವರ್ಷ ಮುಂದೂಡಲು ಅಥವಾ ತಪ್ಪಿಸಲು ಸಾಧ್ಯವಾದರೆ ಆ ಕಪ್ಪನ್ನು ಒಪ್ಪಿಕೊಳ್ಳಬಹುದೆಂದೇ ನನ್ನ ಅಭಿಪ್ರಾಯ. ಮಗು ಸಹಕರಿಸುವ ವಯಸ್ಸಿಗೆ ಬಂದ ಮೇಲೆ ಅದರ ಮೇಲೆ ಬಿಳಿ ಫಿಲ್ಲಿಂಗ್ ಹಾಕಿಸಬಹುದು. ಆದರೆ ಹಲ್ಲಿನ ನರ ಈಗಾಗಲೇ ಸತ್ತಿದ್ದರೆ, ಕೀವು ಕಂಡಿದ್ದರೆ ಈ ದ್ರವದಿಂದ ಪ್ರಯೋಜನವಿಲ್ಲ.

ಒಮ್ಮೆ ಹಚ್ಚಿ ಮರೆಯುವಂತಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಬಾಟಲಿಯ ಅಭ್ಯಾಸ ಮುಂದುವರಿದರೆ ಯಾವ ದ್ರವವೂ ಹಲ್ಲುಗಳನ್ನು ಕಾಯಲಾರದು. ನಿದ್ದೆಯಲ್ಲಿ ಜೊಲ್ಲು ಸ್ರವಿಸುವುದು ಬಹಳ ಕಡಿಮೆಯಾಗುವುದರಿಂದ ಹಾಲು ಮೇಲಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಮುಂಹಲ್ಲುಗಳು ನಾಲಿಗೆಯ ಮರೆಯಲ್ಲಿರುವುದರಿಂದ ಬಚಾವಾಗುತ್ತವೆ. ಮಲಗುವ ಮುನ್ನ ಹಾಲು ಕುಡಿಸಿ, ಹಲ್ಲುಜ್ಜಿ, ಆಮೇಲೆ ಬೇಕೆಂದರೆ ನೀರು ಮಾತ್ರ ಕೊಡಿ. ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರಲಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಏಳೆಂಟು ವರ್ಷವಾಗುವವರೆಗೆ ಬ್ರಷ್ ನಿಮ್ಮ ಕೈಯಲ್ಲಿರಬೇಕು.

ಪ್ರಶ್ನೆ: ಹುಳುಕನ್ನು ಸ್ವಲ್ಪವೂ ತೆಗೆಯದೆ, ಇಂಜೆಕ್ಷನ್ನೂ ಕೊಡದೆ ನೇರವಾಗಿ ಹಲ್ಲಿನ ಮೇಲೆ ಸ್ಟೀಲ್ ಕ್ಯಾಪ್ ಒತ್ತಿ ಕೂರಿಸಿದರು. ಇದು ಸೋಮಾರಿತನದ ಕೆಲಸವಲ್ಲವೇ?

ಉತ್ತರ: ಅಲ್ಲ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ರೂಢಿಗೆ ತಂದ ಈ ಕ್ರಮ ಅವರ ಹೆಸರಿನಿಂದಲೇ ಹಾಲ್ ವಿಧಾನವೆಂದು ಪರಿಚಿತ. ಅವರು ವರ್ಷಗಟ್ಟಲೆ ಹೀಗೆ ಚಿಕಿತ್ಸೆ ನೀಡಿದ ಹಲ್ಲುಗಳ ದಾಖಲೆಗಳನ್ನು ಪರಿಶೀಲಿಸಿದ ವರದಿ 2006ರಲ್ಲಿ ಪ್ರಕಟವಾಯಿತು. ಆಮೇಲೆ ನಡೆದ ತುಲನಾತ್ಮಕ ಅಧ್ಯಯನಗಳಲ್ಲಿ ಸಾಮಾನ್ಯ ಫಿಲ್ಲಿಂಗ್‌ಗಿಂತ ಇದೇ ಹೆಚ್ಚು ಬಾಳಿಕೆ ಬಂದಿದೆ. ಮೊದಲ ಉತ್ತರದಲ್ಲಿ ಹೇಳಿದ ತತ್ತ್ವವೇ ಇಲ್ಲಿಯೂ ಇದೆ, ಬಿಗಿಯಾಗಿ ಮುಚ್ಚಿದರೆ ಹುಳುಕು ಮುಂದುವರಿಯದು. ಆದರೆ ತಾನಾಗಿ ಬರುವ ನೋವು, ಗುಳ್ಳೆ, ಎಕ್ಸ್-ರೇಯಲ್ಲಿ ತಿರುಳಿಗೆ ತಾಗಿದ ಹುಳುಕು ಇದ್ದರೆ ಈ ವಿಧಾನ ನಡೆಯದು. ಕ್ಯಾಪ್ ಹಾಕಿದ ಆರಂಭದಲ್ಲಿ ಕಡಿತ ಎತ್ತರವಾದಂತೆ ಅನಿಸುತ್ತದೆ, ಕೆಲವು ವಾರಗಳಲ್ಲಿ ಸರಿಹೊಂದುತ್ತದೆ.

ಪ್ರಶ್ನೆ: ಎರಡು ವರ್ಷದ ಮಗಳು ಬಿದ್ದು ಮೇಲಿನ ಮುಂಹಲ್ಲು ವಸಡಿನೊಳಗೆ ಹೂತುಹೋಗಿದೆ. ಪಕ್ಕದ ಹಲ್ಲು ಬೂದುಬಣ್ಣಕ್ಕೆ ತಿರುಗುತ್ತಿದೆ. ಕೀಳಿಸಬೇಕೇ?

ಉತ್ತರ: ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ತಾಳ್ಮೆಯಿಂದ ಕಾಯಿರಿ. ಒಳಗೆ ಹೂತ ಹಾಲುಹಲ್ಲು ಬಹಳಷ್ಟು ಸಲ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗಿ ಕೆಳಗಿಳಿಯುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಚಿಕಿತ್ಸೆ ಬೇಕಿಲ್ಲ, ಕೆಲವು ಹಲ್ಲುಗಳ ಬಣ್ಣ ತಿಂಗಳುಗಳ ಬಳಿಕ ತಿಳಿಯಾಗುವುದೂ ಉಂಟು. ವಸಡು ಊದುವುದು, ಗುಳ್ಳೆ ಏಳುವುದು, ಹಲ್ಲು ಹೆಚ್ಚು ಅಲುಗಾಡುವುದು ಕಂಡರೆ ಕೂಡಲೇ ತೋರಿಸಿ. ಇಡೀ ಹಲ್ಲು ಕಿತ್ತು ಹೊರಬಿದ್ದರೆ ಹಾಲುಹಲ್ಲನ್ನು ಮತ್ತೆ ಗೂಡಿಗೆ ಕೂರಿಸಬಾರದು, ಕೆಳಗಿನ ಮೊಳಕೆಗೆ ಪೆಟ್ಟಾಗುತ್ತದೆ. ಆದರೆ ಬಿದ್ದ ಹಲ್ಲನ್ನು ಹುಡುಕಲೇಬೇಕು. ಸಿಗದಿದ್ದರೆ ಶ್ವಾಸನಾಳಕ್ಕೆ ಹೋಗಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ದೊಡ್ಡ ಮಕ್ಕಳ ಶಾಶ್ವತ ಹಲ್ಲಿಗೆ ಈ ನಿಯಮ ತಿರುಗುಮುರುಗು: ಬೇರನ್ನು ಮುಟ್ಟದೆ ತಲೆಭಾಗ ಹಿಡಿದು ತಕ್ಷಣ ಗೂಡಿಗೆ ಕೂರಿಸಬೇಕು, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಬೇಕು.

ಪ್ರಶ್ನೆ: ಏಳು ವರ್ಷದ ಮಗನಿಗೆ ಒಂದು ದವಡೆಹಲ್ಲು ಕೀಳಿಸಿದ್ದಾಯಿತು. ಜಾಗ ಕಾಯಲು ತಂತಿಯ ಸಾಧನ ಬೇಕೆನ್ನುತ್ತಾರೆ. ಅಗತ್ಯವೇ?

ಉತ್ತರ: ದವಡೆಹಲ್ಲಾದರೆ ಸಾಮಾನ್ಯವಾಗಿ ಅಗತ್ಯ, ಮುಂಹಲ್ಲಾದರೆ ಅಲ್ಲ. ಪಕ್ಕದ ಹಲ್ಲಿಗೆ ಉಂಗುರದಂತೆ ಕೂರಿಸಿ ತಂತಿಯ ಕುಣಿಕೆಯಿಂದ ಜಾಗ ಹಿಡಿದಿಡುವ ಸಾಧನವಿದು. ಜಾಗ ಹೆಚ್ಚಾಗಿ ಮುಚ್ಚಿಕೊಳ್ಳುವುದು ಕಿತ್ತ ಮೊದಲ ಆರು ತಿಂಗಳಲ್ಲಿ, ಹಾಗಾಗಿ ತಡ ಮಾಡಿದರೆ ಉಪಯೋಗವಿಲ್ಲ. ಆ ಜಾಗದ ವಸಡಿನಡಿಯ ಶಾಶ್ವತ ಹಲ್ಲು ಇನ್ನೇನು ಹುಟ್ಟಲಿದೆ ಎಂದು ಎಕ್ಸ್-ರೇ ತೋರಿಸಿದರೆ ಬಿಟ್ಟುಬಿಡಬಹುದು. ಹಾಕಿಸಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಉಂಗುರದ ಸಿಮೆಂಟು ಕರಗಿದರೆ ಅದರಡಿಯಲ್ಲೇ ಹೊಸ ಹುಳುಕು ಹಿಡಿಯುತ್ತದೆ.

ಪ್ರಶ್ನೆ: ನಿನ್ನೆ ಹಲ್ಲಿನ ಚಿಕಿತ್ಸೆಯಾದ ಮಗುವಿನ ಕೆಳತುಟಿ ಇಂದು ಊದಿ ಬಿಳಿಚಿಕೊಂಡಿದೆ. ಸೋಂಕಾಗಿದೆಯೇ?

ಉತ್ತರ: ಬಹುಮಟ್ಟಿಗೆ ಸೋಂಕಲ್ಲ. ಇಂಜೆಕ್ಷನ್ನಿನಿಂದ ತುಟಿ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ಮಗು ಅದನ್ನು ಅರಿಯದೆ ಕಚ್ಚಿಕೊಂಡಿರುತ್ತದೆ. ಬಿಳಿಯ ಪದರ ಕೀವಲ್ಲ, ಗಾಯ ಮಾಯುವ ಹಂತ. ತಣ್ಣಗಿನ ಬಟ್ಟೆ ಒತ್ತಿ, ಖಾರ ಮತ್ತು ಬಿಸಿ ಪದಾರ್ಥ ಕೊಡಬೇಡಿ, ತುಟಿಗೆ ವ್ಯಾಸಲೀನ್ ಸವರಿ. ವಾರ ಹತ್ತು ದಿನಗಳಲ್ಲಿ ಮಾಯುತ್ತದೆ. ಊತ ದಿನದಿನಕ್ಕೆ ಏರುತ್ತಿದ್ದರೆ ಅಥವಾ ಜ್ವರ ಬಂದರೆ ಚಿಕಿತ್ಸೆ ಮಾಡಿದವರಿಗೆ ಅಂದೇ ತೋರಿಸಿ.